ಮಂಗೋಲಿಯಕ್ಕೆ ಹೊರಟಾಗ ಅಪ್ಪನಿಗೆ

ಅಪ್ಪ,

ನೀನು ಬಂದರಿನಲ್ಲಿ ಬಲೆ ರಿಪೇರಿ ಮುಗಿಸಿ ಬರುವಷ್ಟರಲ್ಲಿ ನನ್ನ ರೈಲು ಹೋಗಿಬಿಡುತ್ತದೆ, ಅದಕ್ಕೇ ಈ ಚೀಟಿ. ನಾವು ಹೋಗುತ್ತಿರುವುದು ಚೀನಾಕ್ಕಲ್ಲ, ಮಂಗೋಲಿಯಕ್ಕೆ. ಶೆಟಗೇರಿ ಅತ್ತೆಗೂ ಸರಿಯಾಗಿ ಹೇಳು. ಬೈಕ್ ಓಡಿಸುವವರು ಆರು ಜನ ಒಟ್ಟಿಗೇ ಇರುತ್ತೇವೆ, ಬೈಕು ಅಲ್ಲಿ ಬಾಡಿಗೆಗೆ ಸಿಗುತ್ತದೆ. ನನ್ನದನ್ನು ಮಳೆಯಲ್ಲಿ ನಿಲ್ಲಿಸಬೇಡ.

"ಸಮುದ್ರನೇ ಇಲ್ದ ದೇಶದಲ್ಲಿ ಎಂತ ನೋಡೂಕೆ ಹೋಗ್ತೆ?" ಅಂದೆಯಲ್ಲ, ನೋಡಿ ಬಂದು ಹೇಳುತ್ತೇನೆ.

ಆ ಹುಲ್ಲುಗಾವಲಿನಲ್ಲಿ ಫೋನ್ ಸಿಗುವುದಿಲ್ಲ. ಸುದ್ದಿ ಬರಲಿಲ್ಲವೆಂದು ನಾನು ಕೆಲಸ ಮಾಡುವ ಪೇಪರ್ ಆಫೀಸಿಗೆ ಹೋಗಿ ಕೂರಬೇಡ. ನೀನು ಬೋಟಿಗೆ ಹೋದಾಗ ಆಯಿ ಹೇಗಿರುತ್ತಾಳೆಂದು ನೀನು ನೋಡಿಲ್ಲ, ನಾನು ನೋಡಿದ್ದೇನೆ. ಅಡುಗೆ ಮಾಡುತ್ತಾಳೆ, ನಿನ್ನನ್ನು ಬೈಯುತ್ತಾಳೆ, ಬಾಗಿಲಿಗೆ ಹೋಗಿ ಬರುತ್ತಾಳೆ. ಹೇಗೂ ಮಳೆಗಾಲಕ್ಕೆಂದು ಮೀನುಗಾರಿಕೆ ಬಂದ್ ಇದೆ. ಈ ಸಲ ನೀನೂ ಅವಳ ಜೊತೆ ಕಾದು ನೋಡು.

ಪೂರ್ಣಿಮಾ