ಮಧ್ಯಾಹ್ನದ ಏಸಿ

ಜೂನ್ ೧೪, ಭಾನುವಾರ

ನಮ್ಮ ಮನೆಯವರಿಗೆ,

ನಮಸ್ಕಾರ. ಫೋನಿನಲ್ಲಿ ಮಾತಾಡೋಣವೆಂದರೆ ನೀವು ಹೂಂ ಅನ್ನುತ್ತೀರಿ, ನಾನು ಊಟ ಆಯಿತೇ ಅನ್ನುತ್ತೇನೆ, ಅಷ್ಟರಲ್ಲಿ ನಿಮ್ಮ ಅಕ್ಕ ಪಕ್ಕದಿಂದ "ಜಾಸ್ತಿ ಮಾತಾಡಿಸ್ಬೇಡಮ್ಮ, ಕೆಮ್ಮು ಬರುತ್ತೆ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆಯಲು ಕೂತೆ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ನನ್ನ ಅಕ್ಷರ ನನ್ನ ಹೊಲಿಗೆಯಷ್ಟು ನೇರವಾಗಿಲ್ಲ, ಸಹಿಸಿಕೊಂಡು ಓದಿ.

ಇಲ್ಲಿ ಮಳೆ ಹಿಡಿದಿದೆ. ಈಗ ಫ್ಯಾನು ಕೂಡ ಬೇಡ. ಇಡೀ ಬೇಸಿಗೆ ಬೆಂಕಿಯಾಗಿದ್ದ ಇದೇ ಕೋಣೆಯಲ್ಲಿ ಈಗ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುತ್ತೇನೆ. ಮೈ ಬೆಚ್ಚಗಾದ ಕೂಡಲೇ ನಿಮ್ಮ ನೆನಪಾಗುತ್ತದೆ, ಆಮೇಲೆ ನಿದ್ದೆ ಹತ್ತುವುದಿಲ್ಲ.

ಇನ್ನು ಮಗುವಿಗಾಗಿ ಡಾಕ್ಟರ ಬಳಿ ಹೋಗುವುದು ಸಾಕು, ದೇಹಕ್ಕೂ ಮನಸ್ಸಿಗೂ ಹಿಂಸೆ ಎಂದು ನಾವಿಬ್ಬರೂ ತೀರ್ಮಾನಿಸಿದ ವರ್ಷ ಕೈಯಲ್ಲಿ ಉಳಿದ ದುಡ್ಡಿಗೆ ನೀವು ಈ ಏಸಿ ತಂದಿರಿ. ನಾನು ಬೇಡವೆಂದೆ. "ನಾನು ದಿನವೆಲ್ಲಾ ಕೋಲ್ಡ್ ಸ್ಟೋರೇಜಲ್ಲಿ ಆಲೂಗಡ್ಡೆ ಜೊತೆ ತಣ್ಣಗಿರ್ತೀನಿ. ನೀನು ಇಲ್ಲಿ ತಾರಸಿ ಕೆಳಗೆ ಬೇಯ್ತೀಯ. ಇಬ್ಬರದೂ ಸರಾಸರಿ ತೆಗೆದ್ರೆ ನಮ್ಮನೇಲಿ ಹವಾ ಚೆನ್ನಾಗೇ ಇದೆ, ಆದ್ರೆ ಸರಾಸರಿಯಲ್ಲಿ ಯಾರಿಗೂ ನಿದ್ದೆ ಬರಲ್ಲ" ಎಂದು ನಗಿಸಿದಿರಿ. ಬಿಲ್ಲು ಕೈ ಮೀರಬಾರದು, ರಾತ್ರಿ ಮಲಗುವ ಮುಂಚೆ ಒಂದೆರಡು ಗಂಟೆ ಮಾತ್ರ ಎಂದು ನಾವೇ ಮಾತಾಡಿಕೊಂಡಿದ್ದೆವು. ಆ ಮಾತಿಗೆ ಎರಡು ಬೇಸಿಗೆ ನಾನು ತಪ್ಪಲಿಲ್ಲ. ಹಗಲು ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡೇ ಮಿಷನ್ ತುಳಿದೆ.

ಈ ಸಲ ಮಾರ್ಚ್ ಕೊನೆಗೆ ಮೇಲಿನ ಶೀಟಿನ ಮನೆಗೆ ಆ ಹುಡುಗಿ ಬಂದಳಲ್ಲ, ಲಾರಿ ಡ್ರೈವರನ ಹೆಂಡತಿ. ನೀವು ಒಂದೆರಡು ಸಲ ಮೆಟ್ಟಿಲಲ್ಲಿ ನೋಡಿರಬಹುದು. ಗಂಡ ಲೋಡು ಹಾಕಿಕೊಂಡು ಹೊರಟರೆ ವಾರಗಟ್ಟಲೆ ಇಲ್ಲ. ಕೈಯಲ್ಲಿ ಎಳೆಗೂಸು. ಒಂದು ಮಧ್ಯಾಹ್ನ ತಣ್ಣೀರು ಇದೆಯಾ ಅಕ್ಕ ಎಂದು ಬಾಗಿಲು ತಟ್ಟಿದಳು. ಮಗುವಿನ ಕುತ್ತಿಗೆ, ಕಂಕುಳು, ಬೆನ್ನು ಎಲ್ಲಾ ಕೆಂಪು ಬೆವರುಸಾಲೆ. ಅಳುವುದಕ್ಕೂ ತ್ರಾಣವಿಲ್ಲದೆ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ನೀರು ತಂದುಕೊಡುವಾಗ ನಾನು ಕಿಟಕಿ ಮುಚ್ಚಿ ಏಸಿ ಹಾಕಿಬಿಟ್ಟೆ. ಯೋಚನೆಯನ್ನೇ ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಮಗು ನಿದ್ದೆ ಹೋಯಿತು, ಅದರ ಹಿಂದೆಯೇ ತಾಯಿಯೂ ನೆಲದ ಮೇಲೆ ಮಲಗಿಬಿಟ್ಟಳು. ಎಷ್ಟು ದಿನದಿಂದ ಕಣ್ಣು ಮುಚ್ಚಿರಲಿಲ್ಲವೋ ಪಾಪ.

ಹಾಗೆ ಶುರುವಾದದ್ದು. ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ. ಊಟದ ಹೊತ್ತಿಗೆ ಬಂದರೆ ಬಿಸಿಲು ಇಳಿಯುವವರೆಗೆ ಇಲ್ಲೇ. ಮಗು ಹೆಣ್ಣು. ಗುಂಡುಗುಂಡಾಗಿತ್ತು, ಉಂಡೆ ಎಂದು ನಾನೇ ಹೆಸರಿಟ್ಟೆ. ಆಮೇಲೆ ತಾಯಿಯೂ ಹಾಗೇ ಕರೆಯತೊಡಗಿದಳು. ನಿಮಗೆ ಹೇಳಬೇಕೆಂದು ಮೊದಲ ದಿನವೇ ಅಂದುಕೊಂಡೆ. ಸಂಜೆ ನೀವು ಬಂದಾಗ ಆ ಮಾತು ನಾಲಿಗೆಯ ತುದಿಗೆ ಬಂತು. ನೀವು ಕೈಕಾಲು ತೊಳೆಯಲಿ ಎಂದು ಸುಮ್ಮನಾದೆ, ಊಟವಾಗಲಿ ಎಂದು ಸುಮ್ಮನಾದೆ. ಒಂದು ದಿನ ಹೇಳದ ಮಾತು ಎರಡನೆಯ ದಿನಕ್ಕೆ ಇನ್ನೂ ಭಾರವಾಗುತ್ತದೆ. ವಾರ ಕಳೆದ ಮೇಲೆ ಅದು ಎತ್ತಲು ಆಗದಷ್ಟಾಯಿತು.

ಏಪ್ರಿಲ್ ಮೂರನೇ ವಾರ ಬಿಲ್ಲು ಬಂದ ದಿನ ನೀವು ಅದನ್ನು ಬೆಳಕಿಗೆ ಹಿಡಿದು ನೋಡಿದಿರಿ. ಅದರ ಹಿಂದಿನ ತಿಂಗಳ ಎರಡರಷ್ಟು ಇತ್ತು. "ಇಷ್ಟೊಂದು ಹೆಂಗೆ ಬಂತೇ?" ಎಂದು ಕೇಳಿದಿರಿ, ಕೋಪವೇನೂ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಇರಬೇಕು, ಯೂನಿಫಾರ್ಮಿನ ಕೆಲಸ ಜಾಸ್ತಿ ಎಂದೆ. ಇಸ್ತ್ರಿ ಪೆಟ್ಟಿಗೆಗೆ ಬಾಯಿ ಇದ್ದಿದ್ದರೆ ಅವತ್ತೇ ನನ್ನ ಮಾನ ಹೋಗುತ್ತಿತ್ತು. ನೀವು ನಂಬಿದಿರಿ. ಮೆಷಿನ್ನೇ ಕೆಟ್ಟಿರಬಹುದು ಎಂದು ಭಾನುವಾರ ಏಸಿ ರಿಪೇರಿಯವನನ್ನು ಕರೆಸಿದಿರಿ. ಅವನು ಜಾಲರಿ ತೊಳೆದ, ಗ್ಯಾಸು ನೋಡಿದ, ಕೊನೆಗೆ "ಮೆಷಿನ್ ಚೆನ್ನಾಗಿದೆ ಸಾರ್. ಹಗಲು ಎಷ್ಟು ಹೊತ್ತು ಓಡಿಸ್ತೀರ?" ಎಂದು ಕೇಳಿದ. ಕೇಳಿದ್ದು ನನ್ನನ್ನು ನೋಡಿಕೊಂಡು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ನನಗಿಂತ ಮುಂಚೆ ನೀವೇ ಹೇಳಿದಿರಿ. "ಹಗಲು ಹಾಕೋದೇ ಇಲ್ಲಪ್ಪ. ಇವಳು ಬೆಂದ್ರೂ ಹಾಕಲ್ಲ."

ಆ ಮಾತು ಈಗಲೂ ಕಿವಿಯಲ್ಲಿದೆ. ನೀವು ಅದನ್ನು ಹೆಮ್ಮೆಯಿಂದ ಹೇಳಿದಿರಿ.

ಆಮೇಲೆ ನೀವು ಬಿಲ್ಲಿನ ಮಾತು ಎತ್ತಲಿಲ್ಲ. ಮೇ ತಿಂಗಳದ್ದು ಇನ್ನೂ ಹೆಚ್ಚು ಬಂತು, ಸುಮ್ಮನೆ ಮಡಚಿ ಜೇಬಿಗೆ ಹಾಕಿಕೊಂಡಿರಿ. ಓವರ್‌ಟೈಮ್ ಇದೆ, ಲೇಟಾಗುತ್ತೆ ಎನ್ನತೊಡಗಿದಿರಿ. ಅದು ಎಂಥ ಓವರ್‌ಟೈಮ್ ಎಂದು ನಾನು ಕೇಳಲಿಲ್ಲ. ಕೇಳಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಅಂಜಿಕೆ. ಊರೆಲ್ಲಾ ಬೆವರು ಒರೆಸಿಕೊಳ್ಳುವಾಗ ನೀವು ಸ್ನಾನಕ್ಕೆ ಬಿಸಿನೀರು ಕೇಳಿದಿರಿ. ನಿಮಗೆ ವಯಸ್ಸಾಯ್ತು ಎಂದು ನಕ್ಕೆ. ರಾತ್ರಿ ಏಸಿ ಹಾಕಲು ಹೋದರೆ "ಬೇಡ ಬಿಡು, ಬಿಲ್ಲೂ ಉಳಿಯುತ್ತೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಿರಿ. ಒಂದು ಸಂಜೆ ನಿಮ್ಮ ಅಂಗಿಯ ಗುಂಡಿಗಳೆಲ್ಲಾ ಒಂದೊಂದು ಕಾಜ ತಪ್ಪಿ ಕೂತಿದ್ದವು. ದಿನಕ್ಕೆ ರಾಶಿ ಗುಂಡಿ ಹೊಲಿಯುವವಳು ನಾನು, ಅದು ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿತ್ತು. ಅವಸರದಲ್ಲಿ ಹಾಕಿಕೊಂಡಿದ್ದೀರಿ ಎಂದುಕೊಂಡೆ. ನಿಮ್ಮ ಬೆರಳು ಮರಗಟ್ಟಿವೆ ಎಂದು ಹೊಳೆಯಲಿಲ್ಲ.

ಇನ್ನು ಆ ದಿನದ ವಿಷಯ. ಬರೆಯದೆ ಬಿಡೋಣ ಎನಿಸುತ್ತದೆ, ಬಿಟ್ಟರೆ ಈ ಕಾಗದಕ್ಕೆ ಅರ್ಥವೇ ಇಲ್ಲ.

ಮಧ್ಯಾಹ್ನ ಎಂದಿನಂತೆ ಅವರಿಬ್ಬರೂ ಬಂದಿದ್ದರು. ತಾಯಿ ಚಾಪೆಯ ಮೇಲೆ, ಉಂಡೆ ನನ್ನ ಹತ್ತಿರ. ಪರದೆ ಎಳೆದಿತ್ತು, ಕೋಣೆ ತಣ್ಣಗೆ ಕತ್ತಲಾಗಿತ್ತು. ನನಗೂ ಗೋಡೆಗೆ ಒರಗಿ ಕೂತಲ್ಲೇ ಮಂಪರು ಹತ್ತಿತ್ತು. ನೀವು ಬಂದದ್ದು ತಿಳಿಯಲಿಲ್ಲ. ಅವತ್ತು ಅವಳು ಮೂರು ಗಂಟೆಗೇ ಎದ್ದು ಹೊರಟಳು, ಕಳಿಸಲು ಬಾಗಿಲು ತೆಗೆದರೆ ಹೊರಗೆ ನಿಮ್ಮ ಬೂಟುಗಳಿದ್ದವು. ಕೆಳಗೆ ನೋಡಿದೆ, ಬೀದಿಯಲ್ಲಿ ನೋಡಿದೆ, ಎಲ್ಲೂ ಇಲ್ಲ. ಕೊನೆಗೆ ತಾರಸಿಗೆ ಹತ್ತಿದೆ.

ನೀವು ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಬಿಸಿಲಲ್ಲಿ ಕೂತಿದ್ದಿರಿ. ಹಕ್ಕಿಯೂ ನಿಲ್ಲದಂಥ ಬಿಸಿಲು, ನೆಲಕ್ಕೆ ಕಾಲಿಟ್ಟರೆ ಬೊಬ್ಬೆ ಏಳಬೇಕು. ಅಂಥದ್ದರಲ್ಲಿ ಎರಡೂ ಅಂಗೈಗಳನ್ನು ಆ ಕಾದ ನೆಲಕ್ಕೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಟಕಟ ಎನ್ನುತ್ತಾ ಕೂತಿದ್ದಿರಿ. ಮೈ ಮುಟ್ಟಿದರೆ ಸುಡುತ್ತಿತ್ತು. ನೆಲದ ಕಾವು ಎಷ್ಟು, ಜ್ವರ ಎಷ್ಟು ಎಂದು ಗೊತ್ತಾಗಲಿಲ್ಲ. ಯಾಕೆ ಇಲ್ಲಿ ಕೂತಿದ್ದೀರಿ, ಒಳಗೆ ಬರಬಾರದಿತ್ತೇ ಎಂದು ಕೇಳಿದೆ.

"ಒಳಗೆ ಚಳಿ ಇತ್ತು ಕಣೇ" ಎಂದಿರಿ. ಆಮೇಲೆ, "ಮಗು ಮಲಗಿತ್ತಲ್ಲ. ಎಬ್ಬಿಸೋದು ಬೇಡ ಅನ್ನಿಸ್ತು."

ಅಷ್ಟೇ. ನೀವು ಕೂಗಾಡಲಿಲ್ಲ. ಎಷ್ಟು ದಿನದಿಂದ ನಡೀತಿದೆ ಎಂದು ಕೇಳಲಿಲ್ಲ. ಬಿಲ್ಲಿನ ಸುದ್ದಿಯೇ ಇಲ್ಲ. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ನನ್ನ ಭುಜಕ್ಕೆ ಒರಗಿದಿರಿ. ಶ್ವಾಸಕೋಶದಲ್ಲಿ ಸೋಂಕು, ತಣ್ಣನೆಯ ಜಾಗದ ಕೆಲಸ ಇನ್ನು ಬೇಡವೇ ಬೇಡ ಎಂದು ಡಾಕ್ಟರು ಹೇಳಿದಾಗಲೂ ನೀವು ನನ್ನ ಕಡೆ ನೋಡಲಿಲ್ಲ. ನಿಮ್ಮ ಅಕ್ಕ ಬಂದು "ಅವನು ಸ್ವಲ್ಪ ದಿನ ನಮ್ಮಲ್ಲೇ ಇರಲಿ" ಎಂದರು. ಬೇಡ ಎನ್ನುತ್ತೀರೇನೋ ಎಂದು ಕಾದೆ. ನೀವು ಚಪ್ಪಲಿ ಹುಡುಕತೊಡಗಿದಿರಿ.

ನೀವು ಹೋದ ವಾರಕ್ಕೆ ನಿಮ್ಮ ಜೊತೆ ಟ್ರಾಲಿ ತಳ್ಳುವವರು ನಿಮ್ಮ ಬುತ್ತಿ ಡಬ್ಬಿ, ಜಾಕೆಟ್ಟು ತಂದುಕೊಟ್ಟರು. ಆ ಜಾಕೆಟ್ಟು ನೋಡಿದೆ. ಆಲೂಗಡ್ಡೆ ಇಡುವ ಕೋಣೆಗೆ ಹಾಕುವಂಥದ್ದಲ್ಲ ಅದು, ಎರಡು ಪದರ ಹತ್ತಿ ತುಂಬಿದ್ದು. ಹೊಲಿಯುವವಳಿಗೆ ಬಟ್ಟೆ ಸುಳ್ಳು ಹೇಳುವುದಿಲ್ಲ. ಇದ್ಯಾಕೆ ಎಂದು ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿ ಹೇಳಿದರು. "ಏಪ್ರಿಲ್ ಕೊನೆಯಿಂದ ಮೈನಸ್ ರೂಮಲ್ಲಿದ್ರು ಅಕ್ಕ. ಹೆಪ್ಪುಗಟ್ಟಿಸೋ ಸಾಮಾನು ಇಡ್ತಾರಲ್ಲ, ಅಲ್ಲಿ. ಯಾರೂ ಕಳಿಸಲಿಲ್ಲ, ಇವರೇ ಕೇಳಿ ಹಾಕಿಸ್ಕೊಂಡ್ರು. ಅಲ್ಲಿ ಭತ್ಯೆ ಜಾಸ್ತಿ. ನಮ್ಮನೆ ಕರೆಂಟ್ ಬಿಲ್ಲು ಏರ್ತಿದೆ, ಪಾಪ ಅವಳು ಹಗಲು ಸೆಕೆ ತಡೀಲಾರದೆ ಹಾಕ್ಕೋತಾಳೇನೋ, ಕೇಳಿದ್ರೆ ನಾಚಿಕೆ ಪಟ್ಕೋತಾಳೆ ಅಂತಿದ್ರು."

ಅವರು ಹೋದ ಮೇಲೆ ನಾನು ಆ ಜಾಕೆಟ್ಟಿನ ಮೇಲೆ ಮುಖವಿಟ್ಟು ಕೂತಿದ್ದೆ. ಅಂದರೆ ನಿಮಗೆ ಗೊತ್ತಿತ್ತು. ಅರ್ಧ ಗೊತ್ತಿತ್ತು. ಆ ಅರ್ಧವನ್ನೂ ನನ್ನ ಪರವಾಗಿಯೇ ಅರ್ಥ ಮಾಡಿಕೊಂಡು, ನನ್ನನ್ನು ಒಂದು ಮಾತೂ ಕೇಳದೆ ಆ ಚಳಿಗೆ ಹೋದಿರಿ. ನಾನು ತಂಪು ಹಂಚಿ ದೊಡ್ಡ ಮನಸ್ಸಿನವಳೆನಿಸಿಕೊಂಡೆ, ಅದರ ಬೆಲೆ ನಿಮ್ಮ ಎದೆಗೂಡು ತೆತ್ತಿತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು ರೀ. ಮೇಲಿನ ಮಗುವಿಗೆ ಸೆಕೆ, ಮಧ್ಯಾಹ್ನ ಇಲ್ಲಿ ಮಲಗಿಸ್ತೀನಿ ಎಂದಿದ್ದರೆ ನೀವು ಬೇಡ ಎನ್ನುತ್ತಿರಲಿಲ್ಲ. ನನಗಿಂತ ಮೊದಲು ನೀವೇ ಹೋಗಿ ಕರೆತರುತ್ತಿದ್ದಿರಿ. ಅದು ಗೊತ್ತಿದ್ದೂ ಹೇಳಲಿಲ್ಲ. ನೀವು ಬೈಯುವ ಗಂಡನಾಗಿದ್ದರೆ ನನಗೆ ಒಂದು ನೆಪವಾದರೂ ಇರುತ್ತಿತ್ತು.

ಮೇಲಿನವರು ಈಗ ಇಲ್ಲ. ಡ್ರೈವರನಿಗೆ ಬೇರೆ ಊರಿನ ಕಂಪನಿಯಲ್ಲಿ ಕೆಲಸ ಸಿಕ್ಕಿತಂತೆ, ಮಳೆ ಶುರುವಾದ ವಾರವೇ ಮನೆ ಖಾಲಿ ಮಾಡಿದರು. ಹೋಗುವಾಗ ಆ ಹುಡುಗಿ ನನ್ನ ಕೈ ಹಿಡಿದು "ಅಣ್ಣಂಗೆ ಹೇಳಿ ಅಕ್ಕ, ನಮ್ಮಿಂದ ತೊಂದರೆ ಆಯ್ತು" ಎಂದಳು. ಅವಳಿಂದ ಏನೂ ಆಗಿಲ್ಲ. ಅವಳ ಮೇಲೆ ಬೇಸರ ಇಟ್ಟುಕೊಳ್ಳಬೇಡಿ.

ಕೋಲ್ಡ್ ಸ್ಟೋರೇಜಿಗೆ ಮೊನ್ನೆ ಹೋಗಿದ್ದೆ. ನೀವು ಬೇಡವೆಂದಿದ್ದಿರಿ, ಆದರೂ ಹೋದೆ. ಮ್ಯಾನೇಜರು ಮೊದಲು ಮುಖ ಕೊಡಲಿಲ್ಲ, ನಾನು ಕುರ್ಚಿ ಬಿಟ್ಟು ಏಳಲೂ ಇಲ್ಲ. ಕೊನೆಗೆ ಗೇಟಿನಲ್ಲಿ ಲಾರಿಗಳ ಲೆಕ್ಕ ಬರೆಯುವ ಕೆಲಸ ಕೊಡುತ್ತೇವೆ ಎಂದು ಒಪ್ಪಿದರು. ಸಂಬಳ ಕಮ್ಮಿ, ಆದರೆ ಹೊರಗಿನ ಗಾಳಿ. ನೀವು ಹೂಂ ಎಂದರೆ ಮುಂದಿನ ತಿಂಗಳಿಂದ ಸೇರಬಹುದು. ಬರುವ ಶನಿವಾರ ನಾನು ಅಲ್ಲಿಗೆ ಬರುತ್ತೇನೆ. ನನ್ನ ಜೊತೆ ಹೊರಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಬಂದರೆ ದಯವಿಟ್ಟು ಒಂದು ಸಲ ಬಾಯಿ ತುಂಬ ಬೈಯಿರಿ. ನಿಮ್ಮ ಮೌನದ ಜೊತೆ ಈ ಮನೆಯಲ್ಲಿ ಇರಲು ನನ್ನಿಂದ ಆಗುತ್ತಿಲ್ಲ.

ಮಾತ್ರೆ ತಪ್ಪಿಸಬೇಡಿ. ಎದೆಗೆ ಗಾಳಿ ಬಡಿಯದ ಹಾಗೆ ಮಲಗಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮ ಮನೆಯವಳು

ತಾ.ಕ.: ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ಉಂಡೆಯ ಬೆವರುಸಾಲೆ ಮೊದಲ ವಾರದಲ್ಲೇ ವಾಸಿಯಾಗಿತ್ತು. ಡ್ರೈವರ್ ಬಂದವನು ಹೊಸ ಕೂಲರನ್ನೂ ತಂದಿಟ್ಟು ಹೋಗಿದ್ದ. "ಇನ್ನು ನಿಮಗೆ ತೊಂದರೆ ಕೊಡಲ್ಲ ಅಕ್ಕ" ಎಂದು ಆ ಹುಡುಗಿ ಹೇಳಿದಳು. ಕೂಲರಿನ ಗಾಳಿ ಎಳೆಗೂಸಿಗೆ ಆಗಲ್ಲ, ಶೀತ ಆಗುತ್ತೆ ಎಂದು ಹೆದರಿಸಿ ಕರೆಸಿಕೊಂಡವಳು ನಾನು. ದಿನಾ ಮಧ್ಯಾಹ್ನ ತಾಯಿ ಮಲಗಿದ ಮೇಲೆ ಮಗುವನ್ನು ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದೆ. ಆ ದಿನ ನಾನು ಮಂಪರಿನಲ್ಲಿರಲಿಲ್ಲ. ನೀವು ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿದೆ. ನೀವು ನಡುಗುತ್ತಿದ್ದದ್ದನ್ನೂ ನೋಡಿದೆ. ಎದ್ದರೆ ಮಗುವನ್ನು ಕೆಳಗೆ ಇಳಿಸಬೇಕಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೆ.