ನಿನ್ನ ಸಿನಿಮಾದಲ್ಲಿಲ್ಲದ ಗುರುವಾರ

ಜೂನ್ ೧೪, ಶನಿವಾರ

ಪುಟ್ಟೀ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಹಾಗಾಗಿ ಬರೆದಿದ್ದೇನೆ. ನಮ್ಮ ಕಥೆಯಿಟ್ಟು ನೀನು ತೆಗೆದ ಸಿನಿಮಾ ಮನೆಯ ಟಿವಿಗೆ ಬಂದು ಇಪ್ಪತ್ಮೂರು ದಿನವಾಯಿತು. ನೀನು ನಾಲ್ಕು ಸಲ ಫೋನ್ ಮಾಡಿ "ನೋಡಿದ್ಯಾ ಅಮ್ಮ?" ಎಂದು ಕೇಳಿದೆ. ಒಮ್ಮೆ ಕಣ್ಣುನೋವು ಅಂದೆ, ಒಮ್ಮೆ ನೆಟ್ ಬರುತ್ತಿಲ್ಲ ಅಂದೆ, ಇನ್ನೆರಡು ಸಲ ಏನು ಹೇಳಿದೆನೋ ನನಗೇ ನೆನಪಿಲ್ಲ. ಎಲ್ಲ ಸುಳ್ಳು. ಬಂದ ಮೊದಲ ಭಾನುವಾರವೇ ನೋಡಿದ್ದೆ. ಇಷ್ಟು ದಿನ ನಿನ್ನನ್ನು ಕಾಯಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತು ಶುರುಮಾಡಿದರೆ ಮತ್ತೊಂದು ನೆಪವೇ ಬಾಯಿಗೆ ಬರುತ್ತದೆ, ಅದಕ್ಕೇ ಕಾಗದ.

ಅವತ್ತು ಮಧ್ಯಾಹ್ನ ಚಿಲಕ ಹಾಕಿಕೊಂಡು ಒಬ್ಬಳೇ ಕೂತೆ. ಮೊದಮೊದಲು ನಗು ಬಂತು. ನನ್ನ ಪಾತ್ರ ಮಾಡಿದ್ದಾಳಲ್ಲ, ಅವಳ ಬೆರಳು ಒಂದು ದಿನವಾದರೂ ಪುಸ್ತಕ ಬೈಂಡ್ ಮಾಡಿದವಳ ಬೆರಳೇನೇ? ಉಗುರುಸಂದಿಯಲ್ಲಿ ಒಂದು ಚೂರು ಗೋಂದಿಲ್ಲ. ಹಾಳೆಯ ಮಡಿಕೆಗೆ ಚುಚ್ಚಬೇಕಾದ ಸೂಜಿಯನ್ನು ಅಂಚಿಗೆ ಚುಚ್ಚುತ್ತಾಳೆ. ಒಂದು ಮಾತು ಹೇಳಿದ್ದರೆ ನಾನೇ ಬಂದು ಕಲಿಸಿಕೊಡುತ್ತಿದ್ದೆ. ಆದರೆ ನಮ್ಮ ಮನೆಯ ಮೆಟ್ಟಿಲು ಹಾಗೇ ಇದೆ. ಮೂರನೇ ಮಹಡಿಗೆ ತಿರುಗುವಲ್ಲಿ ಬಣ್ಣ ಸುಲಿದ ಗೋಡೆ, ಅಲ್ಲಾಡುವ ಕಬ್ಬಿಣದ ಕಂಬಿ. ನಿನ್ನ ಪಾತ್ರದ ಪುಟ್ಟ ಹುಡುಗಿ ಶಾಲೆಯ ಶೂ ಕೂಡ ಬಿಚ್ಚದೆ ಅಲ್ಲಿ ಕೂತು, ಕೆಳಗಿನಿಂದ ಬರುವ ಪ್ರತಿ ಹೆಜ್ಜೆಗೂ ಕತ್ತು ಚಾಚಿ ನೋಡುತ್ತಾಳಲ್ಲ, ಅಲ್ಲಿ ರಿಮೋಟ್ ಒತ್ತಿ ನಿಲ್ಲಿಸಿಬಿಟ್ಟೆ. ಎದ್ದುಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅರ್ಧ ಗಂಟೆ ಬಿಟ್ಟು ಬಂದರೂ ಅವಳು ಅಲ್ಲೇ ಕೂತಿದ್ದಳು.

ನಿನ್ನ ಅಪ್ಪ ನನ್ನೊಡನೆ ಜಗಳವಾಡಿ, ಲಿಫ್ಟ್ ರಿಪೇರಿಯ ಸಾಮಾನಿನ ಚೀಲ ಎತ್ತಿಕೊಂಡು ಹೋದಾಗ ನಿನಗೆ ಒಂಬತ್ತು ವರ್ಷ. ನೀನು ದಿನಾ ಸಂಜೆ ಅಲ್ಲಿ ಕೂರುತ್ತಿದ್ದದ್ದು ನನಗೆ ಗೊತ್ತಿತ್ತು. ಕೂತಾಗ ನಿನಗೆ ಹೇಗಾಗುತ್ತಿತ್ತು ಎಂಬುದು ಸಿನಿಮಾ ನೋಡುವವರೆಗೆ ಗೊತ್ತಿರಲಿಲ್ಲ.

ಅದರ ಮರುವಾರ ಎದುರು ಮನೆಯ ನರ್ಸಮ್ಮ, "ಮಗಳ ಸಿನಿಮಾನ ನೀವೇ ತೋರಿಸ್ಲಿಲ್ಲ ಅಂದ್ರೆ ಹೇಗೆ?" ಎಂದು ಡ್ಯೂಟಿ ಮುಗಿಸಿ ಬಂದು ಕೂತೇಬಿಟ್ಟಳು. ಹೆಣ ನೋಡಿಯೂ ಕಣ್ಣು ಒದ್ದೆ ಮಾಡಿಕೊಳ್ಳದ ಹೆಂಗಸು ಸೆರಗು ನೆನೆಯುವಷ್ಟು ಅತ್ತಳು. ನನ್ನ ಕೈ ಹಿಡಿದುಕೊಂಡು, "ಒಬ್ರೇ ಎಷ್ಟು ಅನುಭವಿಸಿದ್ದೀರಿ. ಇಂಥ ತಾಯಿ ಸಿಗೋಕೆ ಪುಣ್ಯ ಮಾಡಿರಬೇಕು" ಅಂದಳು. ನಾನು ಪುಸ್ತಕ ಹೊಲಿಯುವ ಪ್ರೆಸ್ಸಿನ ಯಜಮಾನರೂ ಅವರ ಮನೆಯಲ್ಲಿ ನೋಡಿದರಂತೆ. ಸೋಮವಾರ ಎಲ್ಲರಿಗೂ ಚಹಾ ತರಿಸಿ, "ಹೆಂಡ್ತಿ ಮಗೂನ ಬಿಟ್ಟು ಹೋದ ಆ ಮನುಷ್ಯ ನನ್ನ ಕೈಗೆ ಸಿಗಲಿ, ಕೆನ್ನೆಗೆ ಎರಡು ಬಾರಿಸ್ತೀನಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಚಹಾದ ಲೋಟವನ್ನು ಗೋಂದಿನ ಡಬ್ಬದ ಹಿಂದೆ ಇಟ್ಟುಬಿಟ್ಟೆ, ಪುಟ್ಟೀ. ಅಂದಿನಿಂದ ಯಾರು ಹೊಗಳಿದರೂ ಮೈಮೇಲೆ ಬಿಸಿನೀರು ಎರಚಿದ ಹಾಗಾಗುತ್ತಿದೆ. ಪ್ರೆಸ್ಸಿಗೆ ಹಿಂದಿನ ಬಾಗಿಲಿನಿಂದ ಹೋಗುತ್ತೇನೆ.

ಈಗ ಮುಖ್ಯವಾದ ಸುದ್ದಿ. ಮೊನ್ನೆ ಮಂಗಳವಾರ ನಿನ್ನ ಅತ್ತೆ, ನಿನ್ನ ಅಪ್ಪನ ತಂಗಿ, ಪ್ರೆಸ್ಸಿಗೆ ಬಂದಿದ್ದಳು. ಇಪ್ಪತ್ತೆರಡು ವರ್ಷದ ಮೇಲೆ. ಕೂದಲೆಲ್ಲ ಬಿಳಿ, ಮೊದಲು ಗುರುತೇ ಸಿಗಲಿಲ್ಲ. ನಿನ್ನ ಅಪ್ಪ ಈಗ ಅವಳ ಮನೆಯಲ್ಲಿದ್ದಾರಂತೆ. ಶ್ವಾಸಕೋಶ ಪೂರ್ತಿ ಹೋಗಿದೆ, ಡಾಕ್ಟರು ತಿಂಗಳ ಮಾತಾಡುತ್ತಿಲ್ಲ, ವಾರದ ಮಾತಾಡುತ್ತಿದ್ದಾರೆ. ಟಿವಿಯಲ್ಲಿ ನಿನ್ನ ಹೆಸರು ಕಂಡು, ಅಣ್ಣನಿಗೆ ತೋರಿಸೋಣವೆಂದು ಅವಳೇ ಸಿನಿಮಾ ಹಾಕಿದಳಂತೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಮೆಟ್ಟಿಲ ಮೇಲೆ ಹುಡುಗಿ ಕೂತಿರ್ತಾಳಲ್ಲ ಅತ್ತಿಗೆ, ಅಲ್ಲಿ ನಿಲ್ಸು ಅಂದ. ಹಿಂದಕ್ಕೆ ಹಾಕು ಅಂದ. ಐದಾರು ಸಲ ಅದನ್ನೇ ನೋಡಿದ. ಆಮೇಲೆ, 'ಇವಳು ಕಾಯ್ತಿದ್ಲಾ?' ಅಂತ ಕೇಳಿದ. ಸಿನಿಮಾ ಅಲ್ವಾ ಅಣ್ಣ, ಏನೋ ಕಲ್ಪನೆ ಇರುತ್ತೆ ಅಂದೆ. 'ಮೆಟ್ಟಿಲು ನಮ್ಮದೇ ಕಣೇ' ಅಂದ. ಆವತ್ತಿಂದ ಗೋಡೆ ಕಡೆ ಮುಖ ಮಾಡಿ ಮಲಗಿದಾನೆ. ನನಗೊಂದೂ ಅರ್ಥ ಆಗ್ತಿಲ್ಲ. ನೀವಾದ್ರೂ ಹೇಳಿ, ಏನಿದು?"

ಪಕ್ಕದಲ್ಲಿ ಹಾಳೆ ಕತ್ತರಿಸುವ ಮಷೀನು ಓಡುತ್ತಿತ್ತು, ಕೇಳಿಸಲಿಲ್ಲವೆಂಬಂತೆ ಹಾಳೆ ಜೋಡಿಸತೊಡಗಿದೆ. ನಿನಗೆ ಅವಳೇ ಫೋನ್ ಮಾಡಬಹುದಿತ್ತು. ನಿನ್ನ ಅಪ್ಪನೇ ಬೇಡ ಅಂದರಂತೆ, "ಅವಳಾಗಿ ಬಂದ್ರೆ ಬರಲಿ" ಅಂದರಂತೆ. ಅವಳು ಹೋದ ಮೇಲೆ ಕೆಲಸಕ್ಕೆ ಕೂತು, ಒಂದು ಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಅಂಟಿಸಿಬಿಟ್ಟೆ.

ನೀನು ಅಪ್ಪನನ್ನು ನೋಡಲು ಹೋಗಬೇಕು. ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಹೋಗು, ಆದರೆ ಹೋಗು.

ನೀನು ಕೈಹಾಕಿದ ಕೆಲಸ ನಿನ್ನ ಕೈಬಿಡದಿರಲಿ. ಹೊಟ್ಟೆ ತುಂಬ ಊಟ ಮಾಡು, ಶೂಟಿಂಗ್ ಎಂದು ನಿದ್ದೆಗೆಡಬೇಡ. ನಾನು ಎಲ್ಲಿದ್ದರೂ ನಿನಗೆ ಒಳ್ಳೆಯದನ್ನೇ ಬಯಸುತ್ತೇನೆ. ಅದೊಂದನ್ನಾದರೂ ನಂಬು.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಚಿ, ಮತ್ತೆ ಬಿಚ್ಚಿದ್ದೇನೆ. ಇಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ಸುಳ್ಳು ಕಳಿಸಿದ ಹಾಗೆ.

ನಿನ್ನ ಅಪ್ಪ ಬಂದಿದ್ದರು. ಮನೆ ಬಿಟ್ಟ ಮೂರು ತಿಂಗಳಿಗೆ, ಒಂದು ಗುರುವಾರ. ನೀನು ಶಾಲೆಯಲ್ಲಿದ್ದೆ, ನನಗೆ ಜ್ವರವೆಂದು ರಜೆ ಹಾಕಿದ್ದೆ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು, "ನಮ್ಮಿಬ್ಬರ ಜಗಳ ಇದ್ದಿದ್ದೇ. ಮಗೂನ ನೋಡಬೇಕು. ಶಾಲೆ ಬಿಡೋವರೆಗೂ ಕೆಳಗೆ ಇರ್ತೀನಿ" ಅಂದರು.

"ಅವಳಿಗೆ ನೀವು ಬೇಡ್ವಂತೆ. ನಿಮ್ಮ ಮುಖ ನೋಡಲ್ಲ ಅಂತಾಳೆ" ಅಂದೆ.

"ಅವಳೇ ಹೇಳಿದ್ಲಾ?"

"ಹೂಂ."

ನಂಬಲಾರದೆ ಮತ್ತೆ ಕೇಳಿದರು. ನಾನು ಮತ್ತೆ ಹೂಂ ಅಂದೆ. ಗೋಡೆ ಹಿಡಿದುಕೊಂಡು ಇಳಿದುಹೋದರು. ನೀನು ನಾಲ್ಕು ಗಂಟೆಗೆ ಬಂದೆ, ಎಂದಿನಂತೆ ಕೂತೆ. ಒಳಗಿನಿಂದ ನಿನ್ನನ್ನು ನೋಡುತ್ತಾ ನಿಂತಿದ್ದೆನೇ ಹೊರತು ಓಡಿಹೋಗಿ ಅವರನ್ನು ಹುಡುಕಿ ಕರೆತರಲಿಲ್ಲ. ಸಿಟ್ಟು ನನ್ನದು, ಬಾಯಿ ಮಾತ್ರ ನಿನ್ನದು ಮಾಡಿದೆ. ಯಾವತ್ತಾದರೂ ಹೇಳೋಣ ಎಂದುಕೊಳ್ಳುತ್ತಲೇ ನಿನಗೆ ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು.

ನಿನ್ನೆ ಮಧ್ಯಾಹ್ನ ಅವರ ಹತ್ತಿರ ಹೋಗಿದ್ದೆ. ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಗೋಡೆ ಕಡೆಯಿಂದ ಕಷ್ಟಪಟ್ಟು ನನ್ನತ್ತ ಹೊರಳಿದರು. "ಇದನ್ನ ಅವಳಿಗೆ ಹೇಳಬೇಡ" ಅಂದರು. "ನಾನಿನ್ನೆಷ್ಟು ದಿನ. ಆಮೇಲೆ ಅವಳಿಗೆ ಇರೋಳು ನೀನೊಬ್ಬಳೇ. ನೀನೂ ಇಲ್ಲದ ಹಾಗೆ ಮಾಡಬೇಡ."

ಆಗಲಿ ಎಂದು ತಲೆಯಾಡಿಸಿ ಬಂದೆ. ಬಸ್ಸಿನಲ್ಲಿ ಕೂತಾಗ ಹೊಳೆಯಿತು: ನೀನು ಹೋದರೆ, ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಅವರನ್ನು ಕೇಳುತ್ತೀಯ. ಅವರು ನನ್ನನ್ನು ಉಳಿಸಲು ತಪ್ಪನ್ನೆಲ್ಲ ತಮ್ಮ ಮೇಲೆ ಎಳೆದುಕೊಂಡು ಕಣ್ಣು ಮುಚ್ಚುತ್ತಾರೆ. ಹಾಗಾಗಬಾರದು. ಅದಕ್ಕೇ ಅವರಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ.

ಅಂಚೆಯನ್ನು ನಂಬಿ ಕೂರುವಷ್ಟು ದಿನಗಳಿಲ್ಲ. ನಾಳೆ ಮೊದಲ ಬಸ್ಸಿಗೆ ನಿನ್ನ ಊರಿಗೆ ಬಂದು, ಈ ಕಾಗದವನ್ನು ನಿನ್ನ ಬಾಗಿಲ ಕೆಳಗೆ ತೂರಿಸಿ ಹಿಂದಿರುಗುತ್ತೇನೆ. ಬೆಲ್ ಒತ್ತುವ ಮುಖ ನನಗಿಲ್ಲ. ನನಗೆ ಫೋನ್ ಮಾಡಬೇಡ, ನನ್ನನ್ನು ಬೈಯುವುದಕ್ಕೂ ಈಗ ಹೊತ್ತು ಕಳೆಯಬೇಡ. ಅದಕ್ಕೆ ಆಮೇಲೆ ಇಡೀ ಜನ್ಮ ಇದೆ. ಚಪ್ಪಲಿ ಮೆಟ್ಟಿಕೊಂಡು ಹೊರಡು, ಮಗಳೇ. ನೀನು ಅವರನ್ನು ಬೇಡ ಅಂದಿರಲಿಲ್ಲ ಎಂದು ನಾನು ಹೇಳಿದ್ದಾಗಿದೆ. ಅದನ್ನು ನಿನ್ನ ಬಾಯಿಂದ ಅವರು ಕೇಳಬೇಕು.