ಅಜ್ಜಿಯ ನೀರಿನ ಮಾತ್ರೆ

ಕೊಡಿಯಾಲ್‌ಬೈಲ್
ಗುರುವಾರ, ಅಕ್ಟೋಬರ್ ೯

ಪ್ರೀತಿಯ ಸುಜಿತಣ್ಣನಿಗೆ,

ನಿನ್ನ ತಂಗಿ ಮನ್ವಿತಾ ಬರೆಯುತ್ತಿದ್ದೇನೆ. ನಿನ್ನ ಫೋನು ಅಮ್ಮನ ಬ್ಯಾಗಿನಲ್ಲಿದೆ. ಫಳ್ನೀರಿನ ಆಸ್ಪತ್ರೆಗೆ ಬಂದರೆ ನನ್ನನ್ನು ವಾರ್ಡಿನ ಒಳಗೆ ಬಿಡುತ್ತಿಲ್ಲ. "ಇವಳ ಬಾಯಲ್ಲಿ ಎಂತದೂ ನಿಲ್ಲುವುದಿಲ್ಲ" ಎಂದು ಅಮ್ಮ ಎಲ್ಲರ ಎದುರೇ ಹೇಳಿದರು. ಅದು ನಿಜವೇ. ಹಾಗಾಗಿ ಈ ಕಾಗದವನ್ನು ನರ್ಸ್ ಎವ್ಲಿನ್ ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಡಾಕ್ಟರನ್ನು ಕೇಳದೆ ನಿನಗೆ ಕೊಡುವುದಿಲ್ಲ ಎಂದಿದ್ದಾರೆ. ಕೇಳಲಿ.

ಯಾವ ಮಾತ್ರೆಯನ್ನೂ ತಿಂದಿಲ್ಲ ಎಂದು ನೀನು ಡಾಕ್ಟರಿಗೆ ಹೇಳಿದ್ದೀಯಂತೆ. ದಸರೆಯ ಹುಲಿವೇಷದಲ್ಲಿ ಕುಣಿಯುವಾಗ ನೀನು ಬಣ್ಣದ ಸೆಕೆಗೆ ಬಿದ್ದದ್ದು ಎನ್ನುತ್ತಾರೆ ಅಮ್ಮ. ಯಾರದೋ ಕಣ್ಣು ಬಿದ್ದಿದೆ ಎನ್ನುತ್ತಾರೆ ಅಪ್ಪ. ನಾನೂ ಅದನ್ನೇ ನಂಬಿದ್ದೆ, ನಿನ್ನ ಜಿಮ್ಮಿನ ಗೆಳೆಯ ವಿನೀತ್ ಮನೆಗೆ ಬರುವವರೆಗೆ.

ಮಂಗಳವಾರ ಬಂದು ನಿನ್ನ ಜಿಮ್ ಬ್ಯಾಗ್ ಕೇಳಿದ. ಹಾಸಿಗೆಯಿಂದ ಏಳಲಾಗದವನಿಗೆ ಜಿಮ್ ಬ್ಯಾಗ್ ಎಂತಕ್ಕೆ ಎಂದೆ. "ಅವನೇ ಹೇಳಿದ್ದು ಮಾರಾಯ್ತಿ, ಮುಂದಿನ ತಿಂಗಳು ಬಾಡಿ ಬಿಲ್ಡಿಂಗ್ ಕಾಂಪಿಟೀಷನ್ ಉಂಟಲ್ಲ" ಎಂದ. ಅವನ ಎದುರೇ ಬ್ಯಾಗ್ ಕೊಡವಿದೆ. ಶೂವಿನೊಳಗಿಂದ ಅಜ್ಜಿಯ ನೀರಿನ ಮಾತ್ರೆಗಳ ಮೂರು ಸ್ಟ್ರಿಪ್ ಬಿದ್ದವು.

ಎಂತ ಇದು ಎಂದರೆ ವಿನೀತ್‌ಗೆ ನಾಚಿಕೆಯೂ ಇಲ್ಲ. "ಮೈಯ ನೀರು ಹೋದರೆ ಹೊಟ್ಟೆಯ ಸಿಕ್ಸ್ ಪ್ಯಾಕ್ ಚೆಂದ ಕಾಣ್ತದೆ. ಎಲ್ಲರೂ ತಗೊಳ್ತಾರೆ. ನೀನು ಒಂಬತ್ತನೇ ಕ್ಲಾಸಿನ ಡಾಕ್ಟರಾ?" ಎಂದು ನಗಾಡಿದ. ಬ್ಯಾಗ್ ಕೊಡಲಿಲ್ಲ. ಸ್ಟ್ರಿಪ್‌ಗಳನ್ನು ನಿಜವಾದ ಡಾಕ್ಟರಿಗೇ ತೋರಿಸಿದೆ. ನೀನು ನನ್ನ ಜೊತೆ ಮಾತು ಬಿಟ್ಟರೂ ಅಡ್ಡಿಯಿಲ್ಲ.

ಆ ಮಾತ್ರೆಯಿಂದ ಇಳಿಯುವುದು ಕೊಬ್ಬಲ್ಲವಂತೆ, ಬರೀ ನೀರು. ನೀರಿನ ಜೊತೆ ಪೊಟ್ಯಾಸಿಯಂ ಎನ್ನುವ ಲವಣವೂ ಮೂತ್ರದಲ್ಲಿ ಹೋಗುತ್ತದಂತೆ. ಅದು ತೀರಾ ಕಡಿಮೆಯಾದರೆ ಹೃದಯ ತಾಳ ತಪ್ಪುತ್ತದೆ. ಅದರ ಮೇಲೆ ನೀನು, ಬಣ್ಣ ಹಚ್ಚಿದ ಮೇಲೆ ಮೂತ್ರಕ್ಕೆ ಹೋಗಲಾಗುವುದಿಲ್ಲ ಎಂದು ಹಿಂದಿನ ರಾತ್ರಿಯಿಂದ ನೀರನ್ನೇ ಮುಟ್ಟಿರಲಿಲ್ಲ. ನಿನ್ನ ಕಿಡ್ನಿ ಈಗಲೂ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಇದನ್ನೂ ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ನೀನು ಬಿದ್ದಾಗ ತಾಸೆಯವರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಹುಲಿ ಸಾಯುವ ಆಟ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ ಅಣ್ಣ.

ಇನ್ನು, ಹೇಳಬಾರದೆಂದು ಅಮ್ಮ ವಿನೀತ್‌ನಿಂದಲೂ ಆಣೆ ಹಾಕಿಸಿಕೊಂಡ ವಿಷಯ. ಅವರು ನಿನಗೆ ಹೇಳಿದ ಹಾಗೆ ಅಜ್ಜಿ ಕಾರ್ಕಳಕ್ಕೆ ದೊಡ್ಡಮ್ಮನ ಮನೆಗೆ ಹೋಗಿಲ್ಲ. ಭಾನುವಾರ ಬೆಳಿಗ್ಗೆ ತೀರಿಕೊಂಡರು. ಅವರ ಹೃದಯಕ್ಕೆ ಬಲವಿಲ್ಲ, ಆ ಮಾತ್ರೆ ಇಲ್ಲದಿದ್ದರೆ ಮೈಯಲ್ಲಿ ನೀರು ನಿಲ್ಲುತ್ತದೆ ಎಂದು ನಿನಗೂ ಗೊತ್ತಿತ್ತು. ಚೌತಿ ಕಳೆದ ಮೇಲೆ ಅವರ ಕಾಲು ಊದುತ್ತಲೇ ಬಂತು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುತ್ತಿದ್ದರು. ಮಾತ್ರೆ ತಗೊಂಡ್ರಾ ಎಂದು ಕೇಳಿದಾಗೆಲ್ಲ "ಆಯ್ತು ಮಗಾ" ಎನ್ನುತ್ತಿದ್ದರು. ಅಲ್ಲಿ ಆಸ್ಪತ್ರೆಯಲ್ಲಿ ನಿನ್ನ ಮೈಯಲ್ಲಿ ನೀರಿಲ್ಲ ಎಂದು ಬಾಟಲಿ ಏರಿಸುತ್ತಿದ್ದ ಹೊತ್ತಿಗೆ, ಇಲ್ಲಿ ಮನೆಯಲ್ಲಿ ಅವರ ಎದೆಯಲ್ಲಿ ನೀರು ತುಂಬಿತ್ತು.

ನಿನ್ನನ್ನು ಸುಡಲಿಕ್ಕೆ ಇದನ್ನು ಬರೆದದ್ದಲ್ಲ. ಗೊತ್ತಿಲ್ಲದಿದ್ದರೆ ನೀನು ಎದ್ದ ಕೂಡಲೇ ಆ ಬ್ಯಾಗನ್ನೇ ಹುಡುಕುತ್ತೀ. ಎಷ್ಟು ತಿಂದೆ, ಯಾವಾಗಿನಿಂದ, ಬೇರೆ ಎಂತ ತಿಂದೆ, ಎಲ್ಲವನ್ನೂ ಡಾಕ್ಟರಿಗೆ ನೀನೇ ಹೇಳು. ವಿನೀತ್‌ಗೂ ಹೇಳು. ನನ್ನ ಮಾತಿಗೆ ನಗುವವನು ನಿನ್ನನ್ನು ಆ ಹಾಸಿಗೆಯಲ್ಲಿ ನೋಡಿಯಾದರೂ ಕೇಳಲಿ.

ಸಿಟ್ಟು ಇಳಿಯದ, ನೀನು ಬದುಕಿ ಮನೆಗೆ ಬರಬೇಕೆನ್ನುವ
ನಿನ್ನ ತಂಗಿ
ಮನ್ವಿತಾ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಓದಲು ಬಾರದ ಅಜ್ಜಿ ಗುರುತಿಗೆಂದು ಮಾತ್ರೆಯ ಸ್ಟ್ರಿಪ್‌ಗಳ ಮೇಲೆ ಸ್ಟಿಕ್ಕರ್ ಬೊಟ್ಟು ಅಂಟಿಸುತ್ತಿದ್ದರಲ್ಲ, ನೀರಿನ ಮಾತ್ರೆಗೆ ಕೆಂಪು. ನಿನ್ನ ಬ್ಯಾಗಿನ ಒಂದು ಸ್ಟ್ರಿಪ್‌ನಲ್ಲಿ ಮಾತ್ರ ಕೆಂಪು ಇತ್ತು. ಉಳಿದ ಎರಡರಲ್ಲಿ ಕಪ್ಪು. ನೀನು ವೇಷ ಹಾಕಲು ಹೊರಟಾಗ ದೃಷ್ಟಿಯಾಗದಿರಲೆಂದು ಕಿವಿಯ ಹಿಂದೆ ಅಂಟಿಸುತ್ತಿದ್ದರಲ್ಲ, ಅದೇ ಬೊಟ್ಟು. ಮೊದಲನೆಯದನ್ನು ನೀನು ಕದ್ದೆ ಅಣ್ಣ. ಅದು ಗೊತ್ತಾಗಿ, ಉಳಿದವನ್ನು ಅಜ್ಜಿಯೇ ತಾನು ತಿನ್ನದೆ ನಿನಗೆಂದು ತೆಗೆದಿಟ್ಟಿದ್ದರು.